ಅನೇಕ ಕೋಟಿ ಬ್ರಹ್ಮಾಂಡಗಳು, ಬಸವನಗುಡೀಲಿ ಒಂದು ಛತ್ರ

ಹೋದ ತಿಂಗಳು ಚಿಕ್ಕಮ್ಮನ ಮಗಳ ಮದುವೆ ಇತ್ತು, ಬಸವನಗುಡಿಯ ಒಂದು ಹಳೇ ಛತ್ರದಲ್ಲಿ. ಮುಹೂರ್ತ ಬೆಳಗ್ಗೆ ಏಳೂವರೆಗೆ, ಅಂದ್ರೆ ಐದಕ್ಕೇ ಎದ್ದು ಬಂದು ಅರ್ಧ ನಿದ್ದೇಲಿ ಕೂತಿದ್ವಿ ಎಲ್ರೂ. ಕನ್ಯಾದಾನಕ್ಕೆ ಮುಂಚೆ ಪುರೋಹಿತರು ಮಹಾಸಂಕಲ್ಪ ಶುರು ಮಾಡಿದ್ರು. ಮನೆ ಪೂಜೆಯ ಸಂಕಲ್ಪ ನಿಮಗೂ ಕೇಳಿ ಕೇಳಿ ಗೊತ್ತಿರತ್ತೆ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗ, ಜಂಬೂದ್ವೀಪ, ಭರತವರ್ಷ, ಗೋದಾವರಿಯ ದಕ್ಷಿಣ ತೀರ ಅಂತ ಹೋಗತ್ತಲ್ಲ, ಮದುವೇದು ಅದಕ್ಕಿಂತ ಎಷ್ಟೋ ದೂರದಿಂದ ಶುರುವಾಗತ್ತೆ, "ಅನೇಕಕೋಟಿಬ್ರಹ್ಮಾಂಡಾನಾಂ ಏಕತಮೇ" ಅಂತ. ಅನೇಕ ಕೋಟಿ ಬ್ರಹ್ಮಾಂಡಗಳಲ್ಲಿ ಒಂದಾದ ಇದರಲ್ಲಿ.

ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ, ಇಂಜಿನಿಯರಿಂಗ್ ಎರಡನೇ ವರ್ಷ, ಫೋನಿಂದ ತಲೆ ಎತ್ತಿ "ಮಾಮ, ಮಲ್ಟಿವರ್ಸ್!" ಅಂದ. ನಮ್ಮದೊಂದೇ ಅಲ್ಲ, ಬೇರೆ ವಿಶ್ವಗಳೂ ಇರಬಹುದು ಅನ್ನೋ ಫಿಸಿಕ್ಸ್‌ನವರ ಐಡಿಯಾ.

ನಂಗೆ ಮೊದಲು ಹೊಳೆದಿದ್ದು ಇದು ಊಟ ಆರ್ಡರ್ ಮಾಡುವಾಗ ಹಾಕೋ ಅಡ್ರೆಸ್ ಥರ ಇದೆಯಲ್ಲ ಅಂತ. ಇಷ್ಟು ಬ್ರಹ್ಮಾಂಡದಲ್ಲಿ ಈ ಬ್ರಹ್ಮಾಂಡ, ಅದರಲ್ಲಿ ಈ ದ್ವೀಪ, ಈ ಖಂಡ, ಈ ನದಿ ಪಕ್ಕ, ಗಾಂಧಿ ಬಜಾರ್ ಹತ್ರ, ಹೂವಿನ ಅಂಗಡಿ ಎದುರು. ದೇವರಿಗೆ ತಪ್ಪು ಮದುವೆಗೆ ಹೋಗೋ ಚಾನ್ಸೇ ಇಲ್ಲ.

ಆದ್ರೆ ಹುಡುಗ ಬಿಡಲಿಲ್ಲ, ನಾನೂ ಬಿಡಲಿಲ್ಲ, ಧಾರೆ ಮುಗಿದು ತಿಂಡಿ ಮುಗಿದು ಊಟದ ಹೊತ್ತಾದ್ರೂ ಇದೇ ಮಾತು. ಮಧ್ಯ ನಮ್ಮ ದೊಡ್ಡಪ್ಪ ಬಂದು "ನಮ್ಮವರು ಆಗ್ಲೇ ಹೇಳಿದ್ರು ಕಣಯ್ಯ, ಇವರು ಈಗ ಕಂಡುಹಿಡೀತಿದಾರೆ" ಅಂದ್ರು. ಅದಕ್ಕೆ ಇನ್ನೊಬ್ಬ ಕಸಿನ್, ದೇವರನ್ನ ನಂಬಲ್ಲ ಅನ್ನೋದನ್ನ ಪ್ರತಿ ಮದುವೇಲೂ ಹೇಳೋನು, "ಮಲ್ಟಿವರ್ಸ್ ಇದ್ರೆ ದೇವರ ಅಗತ್ಯಾನೇ ಇಲ್ಲ" ಅಂದ. ಇಬ್ರೂ ಗೆದ್ದೆ ಅನ್ನೋ ಮುಖ ಮಾಡ್ಕೊಂಡು ಕಾಫಿ ಕಡೆ ಹೋದ್ರು.

ದೊಡ್ಡಪ್ಪನ ಮಾತಿಗೆ ಜಾಸ್ತಿ ಹೊತ್ತು ಬೇಡ. ಭಾಗವತದಲ್ಲಿ ಬ್ರಹ್ಮಾಂಡಗಳು ಪರಮಾಣುಗಳ ಹಾಗೆ ಓಡಾಡ್ತವೆ ಅನ್ನೋ ಮಾತಿದೆ, ನಿಜ, ಎಂಥಾ ಚಂದದ ಕಲ್ಪನೆ. ಆದ್ರೆ ಅಲ್ಲಿ ಬ್ರಹ್ಮ ಅದನ್ನ ಹೇಳೋದು ಕೃಷ್ಣನ ಮುಂದೆ ನಿಂತು, ನಿನ್ನ ಮುಂದೆ ನಾನೆಷ್ಟರವನು ಅನ್ನೋಕೆ. ಅದು ಸ್ತುತಿ. ಅದನ್ನ ತಗೊಂಡು ಬಂದು ಫಿಸಿಕ್ಸ್ ಪೇಪರ್ ಅಂತ ಸ್ಟಾಂಪ್ ಹೊಡೆದ್ರೆ ಎರಡಕ್ಕೂ ಅವಮಾನ.

ಕಸಿನ್ ಮಾತು ಸ್ವಲ್ಪ ಗಟ್ಟಿ, ಯಾಕೆ ಅಂತ ಹೇಳ್ತೀನಿ. 1980ರ ಸುಮಾರಿಗೆ ಅಲನ್ ಗೂತ್ ಅನ್ನೋ ಭೌತವಿಜ್ಞಾನಿ ಇನ್‌ಫ್ಲೇಶನ್ ಐಡಿಯಾ ತಂದ್ರು, ವಿಶ್ವ ಹುಟ್ಟಿದ ಕ್ಷಣದ ಒಂದು ಚೂರಲ್ಲಿ ಅದು ಊಹೆಗೂ ಸಿಗದ ವೇಗದಲ್ಲಿ ಉಬ್ಬಿತು ಅಂತ. ಆಮೇಲೆ ವಿಲೆಂಕಿನ್, ಲಿಂಡೆ ಅನ್ನೋ ಇನ್ನಿಬ್ರು ವಿಜ್ಞಾನಿಗಳು ಲೆಕ್ಕ ಹಾಕಿ ನೋಡಿದ್ರೆ ಈ ಉಬ್ಬರ ಎಲ್ಲಾ ಕಡೆ ಒಟ್ಟಿಗೆ ನಿಲ್ಲೋ ಹಾಗೆ ಕಾಣಲಿಲ್ಲ. ದೋಸೆ ಹಿಟ್ಟು ನೆನಪು ಮಾಡ್ಕೊಳಿ, ರಾತ್ರಿ ಇಟ್ಟಿದ್ದು ಬೆಳಗ್ಗೆ ಉಕ್ಕಿ ಕಟ್ಟೆ ಮೇಲೆಲ್ಲ ಹರಿದಿರತ್ತಲ್ಲ, ಒಳಗೆ ಸಾವಿರ ಗುಳ್ಳೆ, ನಮ್ಮ ವಿಶ್ವ ಅದರಲ್ಲಿ ಒಂದು ಗುಳ್ಳೆ, ಹಿಟ್ಟು ಮಾತ್ರ ಇನ್ನೂ ಉಬ್ತಾನೇ ಇದೆ. ಕಣಗಳೆಲ್ಲ ಸಣ್ಣ ತಂತಿಗಳ ಕಂಪನ ಅನ್ನೋ ಸ್ಟ್ರಿಂಗ್ ಥಿಯರಿಯವರು ಇದಕ್ಕೆ ಸೇರಿಸಿದ್ದು ಏನಪ್ಪ ಅಂದ್ರೆ ಒಂದೊಂದು ಗುಳ್ಳೇಲೂ ಭೌತಿಕ ನಿಯಮ ಬೇರೆ ಬೇರೆ ಇರಬಹುದು, ಎಷ್ಟು ಥರ ಅಂದ್ರೆ 1ರ ಮುಂದೆ 500 ಸೊನ್ನೆ.

ಇದರಿಂದ ಉಪಯೋಗ ಏನು? ಖಾಲಿ ಜಾಗಕ್ಕೂ ಒಂದು ಶಕ್ತಿ ಇದೆ, ಅದು ಈಗಿರೋದಕ್ಕಿಂತ ತುಂಬಾ ಜಾಸ್ತಿ ಇದ್ದಿದ್ರೆ ಗ್ಯಾಲಕ್ಸಿಗಳೇ ಕಟ್ಕೊಳ್ತಿರಲಿಲ್ಲ, ನಾವೂ ಇಲ್ಲ, ಛತ್ರವೂ ಇಲ್ಲ. 1987ರಲ್ಲಿ ಸ್ಟೀವನ್ ವೈನ್‌ಬರ್ಗ್ ಅನ್ನೋ ಭೌತವಿಜ್ಞಾನಿ ಈ ದಾರೀಲೇ ಯೋಚಿಸಿ, ನೋಡೋಕೆ ನಾವು ಇದೀವಿ ಅಂದ್ಮೇಲೆ ಆ ಶಕ್ತಿ ಇಷ್ಟರೊಳಗೆ ಇರಬೇಕು, ಪೂರ್ತಿ ಸೊನ್ನೆ ಇರಬೇಕು ಅಂತೇನಿಲ್ಲ ಅಂದ್ರು. 1998ರಲ್ಲಿ ಸೂಪರ್‌ನೋವಾಗಳನ್ನ, ಅಂದ್ರೆ ಸಿಡಿಯೋ ನಕ್ಷತ್ರಗಳನ್ನ ಅಳೆದಾಗ ಸಿಕ್ಕಿದ್ದೂ ಹಾಗೇನೇ, ತುಂಬಾ ಚಿಕ್ಕದು ಆದ್ರೆ ಸೊನ್ನೆ ಅಲ್ಲ. ಮಲ್ಟಿವರ್ಸ್ ಕಡೆಯವರ ಕೈಲಿರೋ ಒಳ್ಳೇ ಎಲೆ ಇದೊಂದೇ ಅಂತ ನನ್ನ ಲೆಕ್ಕ. "ಇಷ್ಟು ಕರೆಕ್ಟಾಗಿ ಟ್ಯೂನ್ ಆಗಿದೆ ಅಂದ್ರೆ ಟ್ಯೂನ್ ಮಾಡಿದವನು ಇರ್ಲೇಬೇಕು" ಅಂತ ವಾದ ಮಾಡೋರಿಗೆ ಇದು ನಿಜವಾಗ್ಲೂ ತೊಂದರೆ, ಕೋಟಿ ಕೋಟಿ ಟಿಕೆಟ್ ಇದ್ರೆ ಒಂದಕ್ಕೆ ಲಾಟರಿ ಹೊಡೆಯೋದು ಪವಾಡ ಅಲ್ವಲ್ಲ. ಆದ್ರೆ ನಮ್ಮಮ್ಮ ಶನಿವಾರ ಮಂಡಿ ನೋವಿಟ್ಕೊಂಡು ಹನುಮಂತನಗರದ ರಾಮಾಂಜನೇಯ ಗುಡ್ಡ ಹತ್ತೋದು ಖಾಲಿ ಜಾಗದ ಶಕ್ತಿಯ ಬೆಲೆ ನೋಡ್ಕೊಂಡಾ? ಆ ನಂಬಿಕೆಗೆ ಈ ಲಾಟರಿ ತಾಗೋದೇ ಇಲ್ಲ.

ಹೋಗ್ಲಿ, ಚರ್ಚಿನವರಿಗೂ ಸಂಖ್ಯೆಯೇ ಸಮಸ್ಯೆ ಆಗಿತ್ತು ಅಂತೇನಿಲ್ಲ. ಅನಂತ ಲೋಕಗಳಿವೆ ಅಂದ ಇಟಲಿಯ ತತ್ವಜ್ಞಾನಿ ಬ್ರೂನೋನ 1600ರಲ್ಲಿ ರೋಮಿನಲ್ಲಿ ಸುಟ್ರು ನಿಜ, ಅವನ ಮೇಲಿದ್ದ ಆರೋಪಗಳಲ್ಲಿ ಅದೂ ಒಂದು. ಆದ್ರೆ ಅದಕ್ಕೂ ಮುಂಚೆ 1277ರಲ್ಲಿ ಪ್ಯಾರಿಸ್ಸಿನ ಬಿಷಪ್ ಹೊರಡಿಸಿದ ತಪ್ಪು ಮಾತುಗಳ ಪಟ್ಟೀಲಿ "ದೇವರು ಅನೇಕ ಲೋಕಗಳನ್ನ ಮಾಡಲಾರ" ಅನ್ನೋದೂ ಇತ್ತು. ಮಾಡಲಾರ ಅನ್ನೋಕೆ ನೀನ್ಯಾರು ಅಂತ.

ಮಲ್ಟಿವರ್ಸ್ ಕಷ್ಟ ಕೊಡೋದು ವಿಜ್ಞಾನಕ್ಕೇ, ಅದನ್ನ ಚೆಕ್ ಮಾಡೋದು ಹೇಗೆ ಅಂತ. ಇಲ್ಲೇ ಸದಾಶಿವನಗರದ ಕಥೆ ಹೇಳ್ತೀನಿ. 2018ರಲ್ಲಿ ಆಸ್ಟ್ರೇಲಿಯಾದಲ್ಲಿ ಆಂಟೆನಾ ಇಟ್ಟಿದ್ದ ಎಡ್ಜಸ್ ಅನ್ನೋ ತಂಡ, ಮೊಟ್ಟಮೊದಲ ನಕ್ಷತ್ರಗಳು ಹತ್ತಿಕೊಂಡ ಕಾಲದ ರೇಡಿಯೋ ಗುರುತು ಸಿಕ್ತು ಅಂತ ಹೇಳಿದ್ರು, 78 ಮೆಗಾಹರ್ಟ್ಸ್ ಆಸುಪಾಸು, ಅಂದ್ರೆ ನಮ್ಮ ಎಫ್‌ಎಂ ಸ್ಟೇಷನ್‌ಗಳಿಗಿಂತ ಸ್ವಲ್ಪ ಕೆಳಗೆ. ದೊಡ್ಡ ಸುದ್ದಿ. ಆ ಸಿಗ್ನಲ್, ಅಂದ್ರೆ ಅಳತೇಲಿ ಕಂಡ ಒಂದು ತಗ್ಗು, ನಿರೀಕ್ಷೆಗಿಂತ ತುಂಬಾ ಆಳ ಇತ್ತು, ಹೊಸ ಫಿಸಿಕ್ಸೇ ಬೇಕು ಅಂತ ಶುರುವಾಯ್ತು. ನಮ್ಮ ಸದಾಶಿವನಗರದ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ಏನ್ಮಾಡಿದ್ರು ಗೊತ್ತಾ, ಸರಸ್ ಅನ್ನೋ ತಮ್ಮ ಆಂಟೆನಾನ ತೆಪ್ಪದ ಮೇಲೆ ಕೂರಿಸಿ ಕೆರೆಗೆ ಬಿಟ್ರು! ದಂಡಿಗಾನಹಳ್ಳಿ ಕೆರೆ, ಆಮೇಲೆ ಶರಾವತಿ ಹಿನ್ನೀರು. ನೆಲದ ಮೇಲಿಟ್ರೆ ಕೆಳಗಿನ ಮಣ್ಣು ಕಲ್ಲಿನ ಪದರಗಳು ಅಳತೆ ಕೆಡಿಸ್ತವೆ, ನೀರು ಒಂದೇ ಸಮ ಇರತ್ತೆ ಅಂತ. 2020ರಲ್ಲಿ ಅಳೆದು 2022ರಲ್ಲಿ ಪ್ರಕಟ ಮಾಡಿದ್ರು, ಆ ಸಿಗ್ನಲ್ ನಮಗೆ ಸಿಗ್ತಿಲ್ಲ, ಅದು ಆಕಾಶದ್ದಲ್ಲ ಅನ್ನೋಕೆ 95.3 ಪರ್ಸೆಂಟ್ ಭರವಸೆ ಇದೆ ಅಂತ. ಒಬ್ರು ಹೇಳಿದ್ದನ್ನ ಇನ್ನೊಬ್ರು ಕೆರೆಗಿಳಿದು ಚೆಕ್ ಮಾಡಿ "ಇಲ್ಲ" ಅನ್ನೋದು ಇದೆಯಲ್ಲ, ನಂಗೆ ವಿಜ್ಞಾನ ಅಂದ್ರೆ ಆ ತೆಪ್ಪ.

ಬೇರೆ ಗುಳ್ಳೆಗೆ ಯಾವ ಕೆರೆ? ಬೆಳಕಿಗೆ ಇಲ್ಲಿ ತನಕ ಸಿಕ್ಕಿರೋ ಟೈಮೇ 1380 ಕೋಟಿ ವರ್ಷ, ಅದರಾಚೆ ಏನಿದ್ರೂ ನಮಗೆ ಕಾಣಲ್ಲ. ಒಂದೇ ಒಂದು ಕಿಂಡಿ ಅಂದ್ರೆ, ಪಕ್ಕದ ಗುಳ್ಳೆ ಯಾವತ್ತೋ ನಮ್ಮ ಗುಳ್ಳೆಗೆ ಗುದ್ದಿದ್ರೆ ವಿಶ್ವದ ಹಳೇ ಬೆಳಕಲ್ಲಿ ದುಂಡಗಿನ ಗಾಯದ ಗುರುತು ಇರಬೇಕು. ಆ ಬೆಳಕನ್ನ ಅಳೆದ ಡಬ್ಲ್ಯುಮ್ಯಾಪ್ ಉಪಗ್ರಹದ ಡೇಟಾದಲ್ಲಿ ಹುಡುಕಿದ್ರು, 2011ರಲ್ಲಿ ಬಂದ ಪೇಪರ್ ಪ್ರಕಾರ ನಂಬೋ ಅಂಥದ್ದೇನೂ ಸಿಗಲಿಲ್ಲ. ಸಾಕ್ಷಿಗೆ ವಿರುದ್ಧ ಇದೆ ಅಂತ ಹೇಳೋಕಾಗಲ್ಲ, ಸಾಕ್ಷಿಯ ಕಟಕಟೆಗೇ ಇನ್ನೂ ಬಂದಿಲ್ಲ.

ಈಗ ನಿಜವಾಗ್ಲೂ ಧರ್ಮಕ್ಕೆ ತಾಗೋ ಮಲ್ಟಿವರ್ಸ್‌ಗೆ ಬರ್ತೀನಿ. ಅದು ಬೇರೇದು, ಗುಳ್ಳೇದಲ್ಲ. 1957ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಹ್ಯೂ ಎವರೆಟ್ ಪಿಎಚ್‌ಡಿಗೆ ಬರೆದಿದ್ದು. ಕ್ವಾಂಟಮ್ ಅಳತೇಲಿ, ಅಂದ್ರೆ ತೀರಾ ಸಣ್ಣ ಕಣಗಳನ್ನ ಅಳೆಯುವಾಗ, ಎರಡು ಫಲಿತಾಂಶ ಸಾಧ್ಯ ಇದ್ರೆ ಒಂದು ಆಗತ್ತೆ ಇನ್ನೊಂದು ಮಾಯ ಆಗತ್ತೆ ಅಂತ ಯಾಕೆ ಅಂದ್ಕೊಬೇಕು, ಎರಡೂ ಆಗತ್ತೆ, ನೋಡೋನೂ ಎರಡಾಗ್ತಾನೆ ಅಂತ. ಆತ ಪೆಂಟಗನ್ ಕಡೆ ಕೆಲಸಕ್ಕೆ ಹೋಗ್ಬಿಟ್ರು. (ನಾವು ಮನಸ್ಸು ಬದಲಾಯಿಸಿದಾಗಲೆಲ್ಲ ಲೋಕ ಸೀಳತ್ತೆ ಅಂತ ಸಿನಿಮಾದವರು ತೋರಿಸ್ತಾರಲ್ಲ, ಎವರೆಟ್ ಹೇಳಿದ್ದು ಹಾಗಲ್ಲ.) ನಮ್ಮನೇಲಿ ಇದನ್ನ ಎಲ್ರೂ ಸೈಟಿಗೆ ಹಚ್ಕೊಂಡು ನಗ್ತಾರೆ, ಅಪ್ಪ ಒಂದು ಕಾಲದಲ್ಲಿ "ಅಷ್ಟು ದೂರ ಯಾರು ಹೋಗ್ತಾರೆ" ಅಂತ ಜೆಪಿ ನಗರದ ಸೈಟ್ ಬೇಡ ಅಂದಿದ್ರು, ಯಾವುದೋ ಲೋಕದಲ್ಲಿ ನಮಗೆ ಅಲ್ಲೊಂದು ಥರ್ಟಿ ಫಾರ್ಟಿ ಇದೆ.

ಆದ್ರೆ ನಮ್ಮದು ಮಾಧ್ವರ ಮನೆ. ಪಂಚಭೇದ ಅಂತ ಚಿಕ್ಕೋರಿದ್ದಾಗಿಂದ ಕಿವಿಗೆ ಬಿದ್ದಿದೆ, ಜೀವನಿಗೂ ಈಶ್ವರನಿಗೂ ಭೇದ, ಜೀವ ಜೀವಕ್ಕೂ ಭೇದ, ಆ ಭೇದ ನಿತ್ಯ. ಒಂದು ಜೀವ ಎರಡಾಗೋದು ಅಂದ್ರೆ ಆ ಕಟ್ಟಡದ ತಳಕಲ್ಲೇ ಅಲ್ಲಾಡಿದ ಹಾಗೆ. ಹೋದ ವರ್ಷ ಜಯನಗರದಲ್ಲಿ ಕಾರು ರಿವರ್ಸ್ ತೆಗೀವಾಗ ಯಾರದ್ದೋ ಸ್ಕೂಟರ್ ಬೀಳಿಸಿ ಮಿರರ್ ಒಡೆದೆ, ಅತ್ತಿತ್ತ ನೋಡಿದೆ, ಹೊರಟ್ಬಿಟ್ಟೆ. ಇನ್ನೊಂದು ಕವಲಲ್ಲಿ ಇರೋ ನಾನು ಚೀಟಿ ಬರೆದು ನಂಬರ್ ಇಟ್ಟು ಬಂದಿದ್ರೆ ಚಿತ್ರಗುಪ್ತ ಯಾವ ಖಾತೆಗೆ ಏನು ಬರೀತಾನೆ? ಇಬ್ರದ್ದೂ ಹಿಂದಿನ ಲೆಕ್ಕ ಒಂದೇ, ಮುಂದಿನದು ಬೇರೆ. ಹಳೇ ಜನ್ಮದ ಸಾಲ ಇಬ್ರೂ ಪೂರ್ತಿ ತೀರಿಸ್ಬೇಕಾ, ಅರ್ಧರ್ಧನಾ? ನಾನು ತಮಾಷೆಗೆ ಕೇಳ್ತಿಲ್ಲ, ಈ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ, ಆ ಮಿರರ್ ಇನ್ನೂ ಕಾಡತ್ತೆ.

ಗಂಡಿನ ಕಡೆಯವರು ಸ್ಮಾರ್ತರು, ಅಂದ್ರೆ ಅದ್ವೈತದವರು, ಇರೋದು ಒಂದೇ ಅನ್ನೋರು. ಪಂಕ್ತೀಲಿ ಎದುರಿಗೆ ಕೂತಿದ್ದ ಹುಡುಗನ ಸೋದರಮಾವ ಇದನ್ನ ಕೇಳಿ ಆರಾಮಾಗಿ ಒಬ್ಬಟ್ಟಿಗೆ ತುಪ್ಪ ಹಾಕಿಸ್ಕೊಳ್ತಾ "ನಮಗೇನೂ ತೊಂದ್ರೆ ಇಲ್ಲಪ್ಪ, ಒಬ್ಬನೇ ಚಂದ್ರ, ಎಷ್ಟು ಕೊಡ ಇದ್ರೆ ಅಷ್ಟು ಬಿಂಬ" ಅಂದ್ರು. ಹಾಗಾದ್ರೆ ಮಿರರ್ ದುಡ್ಡು ಕೊಡೋ ಕೊಡ ಯಾವುದು ಅಂತ ಕೇಳಿದೆ. "ಒಡೆದ ಕೊಡ" ಅಂದ್ರು.

ಅಕ್ಕನ ಮಗ ಮಾತ್ರ ಇನ್ನೂ ಗುಳ್ಳೇಲೇ ಇದ್ದ. "ಮಾಮ, ಆ ಗಾಯದ ಗುರುತು ನಾಳೆ ಸಿಕ್ರೆ ಒಪ್ತೀಯಾ?"

ಖಂಡಿತ ಒಪ್ತೀನಿ ಅಂದೆ.

"ಸಿಗದೇ ಇದ್ರೆ? ಇಲ್ಲ ಅಂತ ಒಪ್ತೀಯಾ?"

ಗುದ್ದದೇ ಇರೋ ಗುಳ್ಳೆಗಳೂ ಇರಬಹುದಲ್ವಾ ಅಂತ ಅವನೇ ಗೊಣಗಿದ, ಅಷ್ಟೊತ್ತಿಗೆ ಮಜ್ಜಿಗೆಯವರು ಬಂದು ಬಗ್ಗಿದ್ರು.