ನನ್ನನ್ನು ಕಂಡರೆ ಮಾತ್ರ ಬಾಯಿಬಿಡುವ ಬೆಕ್ಕುಗಳು

ನಮ್ಮ ಮನೆಯ ಎರಡು ಬೆಕ್ಕುಗಳು ಒಂದನ್ನೊಂದು ನೋಡಿ ಮಿಯಾಂವ್ ಎನ್ನುವುದನ್ನು ನಾನು ಕೇಳಿರುವುದು ತೀರ ಅಪರೂಪ. ಮೂಗಿಗೆ ಮೂಗು ತಾಗಿಸುತ್ತವೆ, ಬಾಲವನ್ನು ನೆಟ್ಟಗೆ ನಿಲ್ಲಿಸಿಕೊಂಡು ಎದುರುಗೊಳ್ಳುತ್ತವೆ, ಸಿಟ್ಟು ಬಂದರೆ ಬುಸುಗುಟ್ಟುತ್ತವೆ. ನಾನು ಬಾಗಿಲು ತೆರೆದೆನೆಂದರೆ ಮಾತ್ರ ಎರಡೂ ಕೂಗಲು ತೊಡಗುತ್ತವೆ. ಮರಿಯಾಗಿದ್ದಾಗ ತಾಯಿಯನ್ನು ಕರೆಯಲು ಬಳಸಿದ ಈ ಕೂಗನ್ನು ಬೆಳೆದ ಬೆಕ್ಕುಗಳು ತಮ್ಮತಮ್ಮೊಳಗೆ ಬಹುಮಟ್ಟಿಗೆ ಕೈಬಿಟ್ಟು, ಸಾಕಿದವರಿಗಾಗಿ ಉಳಿಸಿಕೊಳ್ಳುತ್ತವೆ.

ಆದರೆ ಈ ಕೂಗಿಗೆ ಎಲ್ಲ ಮನೆಗಳಿಗೂ ಹೊಂದುವ ಅರ್ಥಕೋಶವಿಲ್ಲ. ಯಾವ ಸ್ವರಕ್ಕೆ ಬಾಗಿಲು ತೆರೆಯುತ್ತದೆ, ಯಾವುದಕ್ಕೆ ಬಟ್ಟಲು ತುಂಬುತ್ತದೆ ಎಂಬುದನ್ನು ಬೆಕ್ಕು ತನ್ನ ಮನೆಯವರಿಂದಲೇ ಕಲಿಯುತ್ತದೆ. ನಮ್ಮ ಹಿರಿಯ ಬೆಕ್ಕು ಬಾಗಿಲ ಬಳಿ ಸ್ವರವನ್ನು ಎಳೆದು ಕೊನೆಯಲ್ಲಿ ಏರಿಸುತ್ತದೆ. ಮನೆಗೆ ಬಂದ ಅತಿಥಿಗಳಿಗೆ ಅದು ಬರೀ ಗಲಾಟೆಯಾಗಿ ಕೇಳಿಸುತ್ತದೆ.

ನನ್ನನ್ನು ಇನ್ನಷ್ಟು ಬೆರಗುಗೊಳಿಸಿದ್ದು ಗುರುಗುಟ್ಟುವಿಕೆ. ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 25ರಿಂದ 30 ಸಲ ಕಂಪಿಸುವ ಈ ತಗ್ಗು ಸದ್ದನ್ನು ಬೆಕ್ಕು ಉಸಿರನ್ನು ಒಳಗೆಳೆಯುವಾಗಲೂ ಹೊರಬಿಡುವಾಗಲೂ ಹೊರಡಿಸಬಲ್ಲದು. ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮೆಕ್‌ಕೋಂಬ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಹಾರ ಬೇಡುವ ಕೆಲವು ಬೆಕ್ಕುಗಳ ಗುರುಗುಟ್ಟುವಿಕೆಯೊಳಗೆ ಅಳುವಿನಂತಹ ಎತ್ತರದ ಸ್ವರವೊಂದು ಬೆರೆತಿರುತ್ತದೆ, ಅದರ ಕಂಪನಾಂಕವು ಹಸುಗೂಸಿನ ಅಳುವಿಗೆ ಸಮೀಪದ್ದು. ಬೆಕ್ಕು ಸಾಕದವರಿಗೂ ಆ ಸದ್ದು ಹೆಚ್ಚು ತುರ್ತಿನದಾಗಿ ಕೇಳಿಸಿತಂತೆ. ಬೆಳಗಿನ ಜಾವ ನಮ್ಮ ಕಿರಿಯದು ಕಿವಿಯ ಬಳಿ ಕುಳಿತು ಗುರುಗುಟ್ಟಿದರೆ ನನಗೇಕೆ ಮಲಗಿರಲು ಆಗುವುದಿಲ್ಲ ಎಂಬುದು ಅದನ್ನು ಓದಿದ ಮೇಲೆ ತಿಳಿಯಿತು.

ಗುರುಗುಟ್ಟುವುದೆಂದರೆ ಸುಖವೇ ಎಂದು ನಂಬಿ ನಾನೊಮ್ಮೆ ದೊಡ್ಡ ತಪ್ಪು ಮಾಡಿದೆ. ಹಿರಿಯ ಬೆಕ್ಕು ಒಂದು ದಿನವಿಡೀ ಮೂಲೆಯಲ್ಲಿ ಮುದುರಿ ಕುಳಿತಿತ್ತು. ಮುಟ್ಟಿದಾಗಲೆಲ್ಲ ಗುರುಗುಟ್ಟುತ್ತಿದ್ದುದರಿಂದ ನೆಮ್ಮದಿಯಾಗಿದೆ ಎಂದುಕೊಂಡೆ. ಮರುದಿನ ಪಶುವೈದ್ಯರು ಬಾಯಿ ತೆರೆದು ನೋಡಿದಾಗ ಹಲ್ಲಿನ ಬುಡ ಕೀವುಗಟ್ಟಿತ್ತು. ನೋವಿನಲ್ಲಿಯೂ ಹೆದರಿಕೆಯಲ್ಲಿಯೂ ಬೆಕ್ಕು ಗುರುಗುಟ್ಟುವುದುಂಟು ಎಂದು ಅವರು ತಿಳಿಸಿದರು. ಅಂದಿನಿಂದ ಆ ಸದ್ದು ಕೇಳಿದಾಗ ಕಿವಿಗಳು ಹಿಂದಕ್ಕೆ ಮಡಚಿವೆಯೇ, ಮೈ ಬಿಗಿದಿದೆಯೇ ಎಂದು ನೋಡಿ, ಬಟ್ಟಲಿನಲ್ಲಿ ಆಹಾರ ಹಾಗೆಯೇ ಉಳಿದಿದೆಯೇ ಎಂದೂ ಪರೀಕ್ಷಿಸುತ್ತೇನೆ.