ಕರಡಿ ಕೊನೆಗೂ ಆಚೆ ಬಂತು

ನಿನ್ನೆ ರಾತ್ರಿ ಹನ್ನೊಂದಕ್ಕೆ ಮಗಳ ಆಟಿಕೆ ಕರಡಿ, ನಾನು ಮನೆಯಲ್ಲೇ ಮಾಡಿದ ಬ್ಯಾಗ್ ಸ್ಕ್ಯಾನರಿನಿಂದ ನೆಟ್ಟಗೆ ಆಚೆ ಬಂತು. ಒಂದಲ್ಲ, ಸಾಲಾಗಿ ಹದಿನಾಲ್ಕು ಸಲ. ನಾನೇ ಕೂತು ಎಣಿಸಿದೆ.

ಮನೆಯಲ್ಲೇ ವಿಮಾನ ಪ್ರಯಾಣ ಆಡಿಸುವ ಆಟದಲ್ಲಿ ಉಳಿದದ್ದೆಲ್ಲ ಮುಗಿದು ಎರಡು ವಾರವಾಗಿತ್ತು. ಕುರ್ಚಿ ಸಾಲು, ಸೀಟ್ ಬೆಲ್ಟು, ಬೋರ್ಡಿಂಗ್ ಪಾಸು ಎಲ್ಲ ನೀವೂ ಮಾಡಿರುತ್ತೀರಿ. ಲೋಹ ಇದ್ದರೆ ಕೂಗುವ ಬೀಪ್ ಬಾಗಿಲಂತೂ ಅತಿಯಾಗಿಯೇ ಹಿಡಿಸಿದೆ. ಮಗಳು ಜೇಬಲ್ಲಿ ಚಮಚ ಇಟ್ಟುಕೊಂಡು ಬೇಕಂತಲೇ ಮತ್ತೆ ಮತ್ತೆ ಹಾಯುತ್ತಾಳೆ. ಹಿಂದೆ ಕೂತು ಬಜರ್ ಒತ್ತುವುದು ನಾನೇ ಅಂತ ಅವಳಿಗಿನ್ನೂ ಗೊತ್ತಿಲ್ಲ.

ತಲೆ ತಿಂದದ್ದು ಬ್ಯಾಗ್ ಸ್ಕ್ಯಾನರ್. ನಾಲ್ಕು ವರ್ಷದ ಇವಳಿಗೆ ವಿಮಾನದ ಭಯ ಇಲ್ಲವೇ ಇಲ್ಲ. ಹೋದ ಸಲ ವಿಮಾನ ನಿಲ್ದಾಣದಲ್ಲಿ ಸ್ಕ್ಯಾನರಿನ ಆ ಕಪ್ಪು ಪಟ್ಟಿಗಳ ಹಿಂದೆ ಕರಡಿ ಮಾಯವಾದಾಗ ಕಿರುಚಿದ್ದಳು. ಅದಕ್ಕೇ ರಟ್ಟಿನ ಸುರಂಗ, ಒಳಗೆ ರೆಕ್ಸಿನ್ ಬೆಲ್ಟು, ಎರಡು ತುದಿಗೆ 50 ಮಿ.ಮೀ. ಪಿವಿಸಿ ಪೈಪಿನ ರೋಲರ್. ಕರಡಿ ಹೋಗುತ್ತದೆ, ಬರುತ್ತದೆ ಅಂತ ತೋರಿಸಬೇಕಿತ್ತು, ಅಷ್ಟೇ.

ಮೊದಲ ಪ್ರಯೋಗದಲ್ಲಿ ಹೋಯಿತು. ಬರಲಿಲ್ಲ. ಬೆಲ್ಟು ಎಡಕ್ಕೆ ಜಾರಿ, ಕರಡಿಯನ್ನು ರಟ್ಟಿನ ಗೋಡೆಗೆ ಒತ್ತಿ ಹಿಡಿದುಕೊಂಡಿತ್ತು. ಯಾವ ಭಯ ಹೋಗಲಿ ಅಂತ ಯಂತ್ರ ಮಾಡಿದೆನೋ ಅದನ್ನೇ ಮನೆಯಲ್ಲಿ ಕೂರಿಸಿ ತೋರಿಸಿದ ಹಾಗಾಯಿತು. ಆ ಅಳು ಇನ್ನೂ ಕಿವಿಯಲ್ಲಿದೆ.

ರೋಲರ್ ಸಮಾನಾಂತರ ಇಲ್ಲ ಅಂದುಕೊಂಡು ಮೂರು ದಿನ ಅಳತೆ ಪಟ್ಟಿ ಹಿಡಿದು ಕೂತೆ. ಎಡಕ್ಕೆ ಹೋಗುತ್ತಿದ್ದದ್ದು ಬಲಕ್ಕೆ ಹೋಗಲು ಶುರುವಾಯಿತು. ಆಮೇಲೆ ರೋಲರಿನ ಎರಡೂ ಅಂಚಿಗೆ ಟೇಪ್ ಸುತ್ತಿ ದಡ ಕಟ್ಟಿದೆ. ಬೆಲ್ಟು ದಡದ ಮೇಲೇ ಹತ್ತಿ ಕೂತಿತು! ಅದನ್ನು ನೋಡಿದಾಗಲೇ ತಲೆಗೆ ಹೊಳೆದದ್ದು. ಬೆಲ್ಟು ತಗ್ಗಿಗೆ ಇಳಿಯುವ ಜಾತಿಯಲ್ಲ, ದಪ್ಪ ಇರುವ ಕಡೆ ಹತ್ತುವ ಜಾತಿ. ಹಾಗಾದರೆ ದಪ್ಪ ನಡುವೆ ಇರಲಿ, ಅಲ್ವಾ?

ಅಂಚಿನ ಟೇಪ್ ಕಿತ್ತು ಹಾಕಿದೆ. ರೋಲರಿನ ನಟ್ಟನಡುವೆ ಎರಡು ಬೆರಳಗಲ ಮಾಸ್ಕಿಂಗ್ ಟೇಪ್, ಅದರ ಮೇಲೆ ನಾಲ್ಕು ಬೆರಳಗಲ, ಅದರ ಮೇಲೆ ಇನ್ನೂ ಅಗಲ. ನಡುವಿನ ಉಬ್ಬು ಒಂದು ಮಿ.ಮೀ. ಚಿಲ್ಲರೆ ಇರಬಹುದು. ಬೇಕಂತಲೇ ಬೆಲ್ಟನ್ನು ಪಕ್ಕಕ್ಕೆ ಎಳೆದು ಬಿಟ್ಟೆ. ಒಳ್ಳೆ ಹಸುವಿನ ಹಾಗೆ ತಾನೇ ನಡುವಿಗೆ ಬಂದು ನಿಂತಿತು. ಬೆಲ್ಟು ಬಿಗಿಯಾಗಿರಬೇಕು, ಸಡಿಲವಿದ್ದರೆ ಈ ಉಪಾಯ ನಡೆಯುವುದಿಲ್ಲ.

ಮೋಟರ್ ಕಥೆ ಬೇರೆ. ನಾನು ಕೇಳಿದ್ದು 30 ಆರ್‌ಪಿಎಂ, ಅಂದರೆ ನಿಮಿಷಕ್ಕೆ 30 ಸುತ್ತು. ಮಾರಿದ ಪುಣ್ಯಾತ್ಮ ಕಳಿಸಿದ್ದು 100. ವಾಪಸ್ ತಗೊಳ್ಳಿ ಅಂದರೆ ಉತ್ತರವೇ ಇಲ್ಲ. ಬೈದುಕೊಂಡೇ ಜೋಡಿಸಿದೆ. ಲೆಕ್ಕ ಹಾಕಿದರೆ ಬೆಲ್ಟು ಸೆಕೆಂಡಿಗೆ 26 ಸೆಂ.ಮೀ. ಓಡುತ್ತದೆ. 60 ಸೆಂ.ಮೀ. ಸುರಂಗ ದಾಟಲು ಎರಡೂ ಚಿಲ್ಲರೆ ಸೆಕೆಂಡು. 30 ಆಗಿದ್ದರೆ ಏಳೂವರೆ. ಕತ್ತಲೊಳಗೆ ಕರಡಿ ಏಳೂವರೆ ಸೆಕೆಂಡು ಇದ್ದರೆ ಇವಳ ಗತಿ? ಅವನ ತಪ್ಪೇ ನನ್ನನ್ನು ಉಳಿಸಿತು. ಹಾಗಂತ ಅವನಿಗೆ ಹೇಳುವುದಿಲ್ಲ.

ಮುಂದಿನದು ಕಿವಿ. ವಿಮಾನ ಇಳಿಯುವಾಗ ಕ್ಯಾಬಿನ್ ಒತ್ತಡ ಏರಿ ಕಿವಿ ಕಟ್ಟಿಕೊಳ್ಳುತ್ತದಲ್ಲ, ಅದನ್ನು ತೋರಿಸಬೇಕು. ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ಹಾಕಿ ಕುಲುಕಿ, ಚೆಲ್ಲಿ, ತಕ್ಷಣ ಮುಚ್ಚಳ ಬಿಗಿದಿಟ್ಟರೆ ಆರುತ್ತಾ ಆರುತ್ತಾ ತಾನೇ ಕುಗ್ಗುತ್ತದೆ. ಮುಚ್ಚಳ ತೆಗೆದರೆ ಪುಸ್ ಅಂತ ಗಾಳಿ ಒಳಗೆ ಹೋಗುತ್ತದೆ. ಎಂಜಲು ನುಂಗಿದಾಗ ಕಿವಿಯಲ್ಲೂ ಹೀಗೇ ಮುಚ್ಚಳ ತೆಗೆದ ಹಾಗೆ ಅಂತ ಹೇಳುವ ಅಂದಾಜು. ಬಿಸಿನೀರು ಮಾತ್ರ ನನ್ನ ಕೈಯಲ್ಲೇ.

ಇವತ್ತು ಬೆಳಗ್ಗೆ ಕರಡಿ ಹೋಗಿ ಬಂತು. ಅಳು ಇಲ್ಲ. ಒಳಗಿನದು ಕಾಣುವ ಟಿವಿ ಥರದ ಪರದೆ ಎಲ್ಲಿ ಅಂತ ಕೇಳಿದಳು. ನಿಜವಾದ ಪರದೆಯಲ್ಲಿ ಬಟ್ಟೆ, ಹತ್ತಿ ಎಲ್ಲ ಕಿತ್ತಳೆ ಬಣ್ಣಕ್ಕೆ, ಲೋಹ ನೀಲಿಗೆ ಕಾಣುತ್ತದೆ ಅಂದೆ. ಕೂತು ಚಿತ್ರ ಬರೆದಳು. ಕಿತ್ತಳೆ ಕರಡಿ, ಹೊಟ್ಟೆಯಲ್ಲಿ ಒಂದು ನೀಲಿ ಚಮಚ.

"ಇದನ್ನ ಪಕ್ಕಕ್ಕಿಡಿ, ಚೆಕ್ ಮಾಡ್ಬೇಕು" ಅಂದಳು.