ಪೊಸಡಿ ಗುಂಪೆಯಿಂದ ಕಾಣುವ ಕುದುರೆಮುಖಕ್ಕೆ

ನವೆಂಬರ್ 30, 2025, ಭಾನುವಾರ, ಪೈವಳಿಕೆ

ಮಳೆ ಬಿಟ್ಟು ಆಕಾಶ ತಿಳಿಯಾದ ಈ ದಿನಗಳಲ್ಲಿ ಕಾಸರಗೋಡಿನ ಪೊಸಡಿ ಗುಂಪೆ ಗುಡ್ಡೆಯ ನೆತ್ತಿಯಲ್ಲಿ ನಿಂತರೆ ಪಡುವಲಲ್ಲಿ ಕಡಲು, ಬಡಗು ದಿಕ್ಕಿನಲ್ಲಿ ದೂರಕ್ಕೆ ಕುದುರೆಮುಖದ ನೀಲಿ ಸಾಲು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ಕುದುರೆಮುಖದ ಚಾರಣಕ್ಕೆ ಹೊರಡುವವರು ವಾರ ಮುಂಚೆ ಈ ಗುಡ್ಡೆಯನ್ನು ಎರಡು ಸಲ ಹತ್ತಿಳಿಯಬೇಕು. ಇದು ಮುಖ್ಯವಾಗಿ ಶೂವಿನ ಪರೀಕ್ಷೆ. ಹೊಸ ಶೂ ಹಾಕಿಕೊಂಡು ನೇರ ಘಟ್ಟಕ್ಕೆ ಹೋದರೆ ಮಧ್ಯಾಹ್ನದೊಳಗೆ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿರುತ್ತದೆ. ಅದನ್ನು ಇಲ್ಲೇ ತಿಳಿದುಕೊಂಡರೆ ಕಾಲುಚೀಲ ಬದಲಿಸಲು, ಉಜ್ಜುವ ಜಾಗಕ್ಕೆ ಪ್ಲಾಸ್ಟರ್ ಹಚ್ಚಲು ಹೊತ್ತಿರುತ್ತದೆ.

ಒಂದು ವ್ಯತ್ಯಾಸ ನೆನಪಿರಲಿ. ನಮ್ಮ ಮುರಕಲ್ಲಿನ ಪದವು, ಅಂದರೆ ಬೋಳು ಗುಡ್ಡೆಯ ನೆಲ, ಒರಟು; ಸವೆದ ಚಪ್ಪಲಿಗೂ ಹಿಡಿತ ಕೊಡುತ್ತದೆ. ಘಟ್ಟದ ಮೇಲಿನ ದಾರಿ ಹೆಚ್ಚಾಗಿ ಜೇಡಿಮಣ್ಣು. ಇಬ್ಬನಿ ಬಿದ್ದರೆ ಸಾಕು, ಎಣ್ಣೆ ಹಚ್ಚಿದಂತೆ ಜಾರುತ್ತದೆ. ಅಡಿಯಲ್ಲಿ ಆಳದ ಗೀರುಗಳಿರುವ ರಬ್ಬರ್ ಶೂವೇ ಬೇಕು.

ಚಾರಣಕ್ಕೆ ಕರ್ನಾಟಕ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ, ಶನಿವಾರ ಭಾನುವಾರದ ಜಾಗ ಬೇಗ ತುಂಬುತ್ತದೆ. ಕಾಸರಗೋಡಿನವರು ಎಡವುವುದು ಹೆಸರಿನಲ್ಲಿ: ಗುರುತುಚೀಟಿಯಲ್ಲಿ ಇನಿಷಿಯಲ್ ಕೊನೆಗೆ, ನೋಂದಣಿಯಲ್ಲಿ ಮೊದಲಿಗೆ. ಚೀಟಿಯಲ್ಲಿ ಹೇಗಿದೆಯೋ ಹಾಗೆಯೇ ತುಂಬಿಸಿ, ಮೂಲ ಚೀಟಿಯನ್ನೇ ಕೊಂಡೊಯ್ಯಿರಿ.

ಡಿಸೆಂಬರ್ 5, ಶುಕ್ರವಾರ, ಸಂಸೆ

ದಾರಿ: ತಲಪಾಡಿ, ಮಂಗಳೂರು, ಮೂಡುಬಿದಿರೆ, ಕಾರ್ಕಳ, ಬಜಗೋಳಿ, ಮಾಳ, ಅಲ್ಲಿಂದ ಘಾಟಿ. ತೊಕ್ಕೊಟ್ಟು ದಾಟಿದ ಮೇಲೆ ಸಿಗುವ ನೇತ್ರಾವತಿ ಸೇತುವೆಯಲ್ಲಿ ಕೆಳಗಿನ ನೀರು ನೋಡಿ. ಆ ನದಿ ಹುಟ್ಟುವುದು ನಾವು ಹೋಗುತ್ತಿರುವ ಬೆಟ್ಟಸಾಲಿನಲ್ಲೇ. ತುಂಗೆ, ಭದ್ರೆಯರ ತವರೂ ಅಲ್ಲೇ, ಗಂಗಾಮೂಲದಲ್ಲಿ. ಅವೆರಡು ಮೂಡಲಿಗೆ ಹರಿಯುತ್ತವೆ, ನೇತ್ರಾವತಿಯೊಂದೇ ನಮ್ಮ ಕಡಲಿಗೆ.

ಘಾಟಿ ಶುರುವಾಗುವ ಚೆಕ್‌ಪೋಸ್ಟಿನಲ್ಲಿ ವಾಹನದ ನಂಬರು, ಹೊತ್ತು ಬರೆದ ಚೀಟಿ ಕೊಡುತ್ತಾರೆ. ಗೊತ್ತುಮಾಡಿದ ಹೊತ್ತಿನೊಳಗೆ ಆಚೆ ಬದಿಯ ಠಾಣೆ ಮುಟ್ಟಬೇಕು. ನಡುವೆ ಕಂಡಲ್ಲೆಲ್ಲ ಇಳಿದು ತಿಂಡಿ ಬಿಚ್ಚಲು ಹೋದರೆ ದಂಡ ತೆರಬೇಕಾದೀತು. ಹನುಮನಗುಂಡಿ ಜಲಪಾತಕ್ಕೆ ಮೆಟ್ಟಿಲಿಳಿದು ಹೋಗಲು ಬಿಡುತ್ತಾರೆ, ಟಿಕೆಟ್ ಇದೆ. ನಾಳೆ ಬೆಟ್ಟ ಹತ್ತುವವರು ಇವತ್ತು ಅಲ್ಲಿ ಮಂಡಿ ದಣಿಸುವುದು ಬೇಡ.

ಕುದುರೆಮುಖ ಊರಿನ ಹತ್ತಿರ ರಸ್ತೆಯ ಬದಿಗೆ ಲಕ್ಯಾ ಅಣೆಕಟ್ಟು. ಕಬ್ಬಿಣದ ಅದಿರು ತೊಳೆದು ಉಳಿದ ಕೆಸರನ್ನು ತಡೆದಿಡಲು ಕಟ್ಟಿದ್ದು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅಷ್ಟು ಹೊತ್ತಿಗೆ 1987ರಲ್ಲೇ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವಾಗಿತ್ತು. 2012ರಲ್ಲಿ ಪಶ್ಚಿಮ ಘಟ್ಟದ ವಿಶ್ವ ಪರಂಪರೆ ತಾಣಗಳ ಪಟ್ಟಿಗೂ ಸೇರಿತು. ಸಿಂಗಳೀಕಗಳ ಈ ನೆಲೆ ಉಳಿದದ್ದು ದೊಡ್ಡ ಪುಣ್ಯ.

ರಾತ್ರಿ ಸಂಸೆ, ಬಾಳೆಗಲ್ ಸುತ್ತಿನ ಹೋಮ್‌ಸ್ಟೇಯಲ್ಲಿ ತಂಗುವುದು ರೂಢಿ. ಮಲಗುವ ಮುಂಚೆ ಕಾಲುಗುರು ಕತ್ತರಿಸಿ. ಇಳಿಯುವಾಗ ಬೆರಳು ಶೂವಿನ ಮೂತಿಗೆ ಗುದ್ದಿ ಉಗುರು ಕಪ್ಪಾಗುವುದು ಇದನ್ನು ಮರೆತವರಿಗೆ.

ಡಿಸೆಂಬರ್ 6, ಶನಿವಾರ, ಮುಳ್ಳೋಡಿಯಿಂದ ಶಿಖರ

ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪ್. ನಮ್ಮ ಕಾರು ಆ ದಾರಿಗಾಗದು. ಮುಳ್ಳೋಡಿಯಿಂದ ಹೋಗಿಬರಲು ಸುಮಾರು 20 ಕಿಲೋಮೀಟರ್, ಶಿಖರದ ಎತ್ತರ 1,894 ಮೀಟರ್. ಗೈಡ್ ಕಡ್ಡಾಯ. ಹತ್ತಲು ನಾಲ್ಕು ಗಂಟೆ, ಇಳಿಯಲು ಮೂರೂವರೆ, ಊಟಕ್ಕೆ ವಿಶ್ರಾಂತಿಗೆ ಒಂದು ಎಂದಿಟ್ಟುಕೊಂಡರೆ ಬೆಳಗ್ಗೆ ಏಳಕ್ಕೆ ಹೊರಟು ಬೆಳಕಿರುವಾಗಲೇ ಮರಳಬಹುದು. ಎಲ್ಲಿದ್ದರೂ ಹನ್ನೆರಡೂವರೆಗೆ ಹಿಂತಿರುಗುವುದು ಎಂದು ಗುಂಪಿನಲ್ಲಿ ಮೊದಲೇ ಮಾತಾಡಿಕೊಳ್ಳಿ. ಶಿಖರ ಕಣ್ಣೆದುರೇ ಇರುವಾಗ ಈ ಮಾತು ಪಾಲಿಸುವುದು ಕಷ್ಟ, ಆದರೆ ಪಾಲಿಸಲೇಬೇಕು.

ಕಾರಣ ಮಂಜು. ಹೊತ್ತೇರಿದಂತೆ ಕಡಲ ಕಡೆಯ ತೇವದ ಗಾಳಿ ಘಟ್ಟದ ಗೋಡೆಗೆ ಬಡಿದು ಮೇಲೇರುತ್ತದೆ, ಏರುತ್ತ ತಣಿದು ಮೋಡವಾಗುತ್ತದೆ. ಬೆಳಗ್ಗೆ ನಿಚ್ಚಳವಾಗಿದ್ದ ದಿಣ್ಣೆ ಮಧ್ಯಾಹ್ನ ಹತ್ತು ನಿಮಿಷದಲ್ಲಿ ಮುಚ್ಚಿಹೋಗಬಹುದು. ಪಶ್ಚಿಮದ ಅಂಚು ನೇರ ಪ್ರಪಾತ, ಅಂಚಿನ ಹುಲ್ಲು ಹೊರಗೆ ಬಾಗಿ ನೆಲವಿದ್ದಂತೆ ತೋರುತ್ತದೆ. ಮಂಜು ಕವಿದಾಗ ಫೋಟೋಕ್ಕೆಂದು ಆ ಕಡೆ ಒಂದು ಹೆಜ್ಜೆಯೂ ಬೇಡ. ಇದ್ದಲ್ಲೇ ಕೂತು ಗೈಡ್ ಅಣ್ಣನನ್ನು ಕೂಗಿ.

ಮೊದಲರ್ಧದಲ್ಲಿ ಕಾಡು, ತೋಡುಗಳು. ಕಲ್ಲಿಂದ ಕಲ್ಲಿಗೆ ಹಾರುವ ಬದಲು ನೀರಿಗಿಳಿದು ನಿಧಾನ ದಾಟುವುದೇ ಕ್ಷೇಮ. ಪಾಚಿಯ ಮೇಲೆ ಜಾರಿ ಮಣಿಕಟ್ಟು ಉಳುಕಿಸಿಕೊಳ್ಳುವುದಕ್ಕಿಂತ ಶೂ ಒದ್ದೆಯಾಗುವುದು ವಾಸಿ. ಒಣ ಕಾಲುಚೀಲ ಒಂದು ಜೊತೆ, ಒಂದು ಬೈರಾಸು ಚೀಲದಲ್ಲಿರಲಿ. ಒಂಟಿ ಮರ ದಾಟಿದ ಮೇಲೆ ನೆರಳು ಕಡಿಮೆ. ತಲಾ ಎರಡು ಲೀಟರ್ ನೀರು ಹೊತ್ತು, ತೋಡು ಸಿಕ್ಕಾಗಲೆಲ್ಲ ಬಾಟ್ಲಿ ತುಂಬಿಸುತ್ತಿರಬೇಕು.

ಡಿಸೆಂಬರಿನಲ್ಲಿ ಇಂಬಳ (ಕಾಡುಜಿಗಣೆ) ಕಡಿಮೆ, ಇಲ್ಲವೆಂದಲ್ಲ. ಒದ್ದೆ ತರಗೆಲೆಯ ನೆರಳಲ್ಲಿ ಕಾದಿರುತ್ತದೆ. ಕಚ್ಚಿದ್ದನ್ನು ನಡುವಿನಿಂದ ಹಿಡಿದೆಳೆಯಬೇಡಿ, ಬಾಯಿ ಹರಿದು ಗಾಯದಲ್ಲೇ ಉಳಿಯಬಹುದು. ಎರಡು ತುದಿಯಲ್ಲಿ ಸಪೂರದ್ದು ಬಾಯಿ. ಅದರ ಪಕ್ಕ ಚರ್ಮಕ್ಕೆ ತಾಗಿಸಿ ಉಗುರನ್ನು ಅಡ್ಡಕ್ಕೆ ಜಾರಿಸಿದರೆ ಕಳಚುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಎಂಜಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತಲೇ ಇರುತ್ತದೆ. ತೊಳೆದು ಬಟ್ಟೆ ಒತ್ತಿಹಿಡಿಯಿರಿ. ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಲುಚೀಲ ಹಳೆಯ ಉಪಾಯ, ಇವತ್ತಿಗೂ ನಡೆಯುತ್ತದೆ.

ಬುತ್ತಿಗೆ ಕಾಯಿಚಟ್ನಿ ಬೇಡವೇ ಬೇಡ, ಬೆನ್ನಿನ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಅನ್ನಕ್ಕೆ ಹುಳಿಯ ಗೊಜ್ಜು ಕಲಸಿ, ಕೆಂಡದ ಮೇಲೆ ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿ. ಬಾಡಿಸದ ಎಲೆ ಮಡಿಸಿದಲ್ಲೇ ಸೀಳುತ್ತದೆ. ಜೊತೆಗೆ ಎರಡು ಅಚ್ಚು ಬೆಲ್ಲ, ನೇಂದ್ರ ಹಣ್ಣು, ಉಪ್ಪು ಹಾಕಿದ ಪುನರ್ಪುಳಿ ನೀರು. ಬೆವರಿನಲ್ಲಿ ಉಪ್ಪು ಹೋಗಿಯೇ ಮೀನಖಂಡ ಸೆಟೆಯುವುದೂ ಉಂಟು. ಪ್ಲಾಸ್ಟಿಕ್ ಪೊಟ್ಟಣ ಬೇಡ.

ಮೇಲ್ಮೈಯನ್ನು ಗಮನಿಸಿ: ಗಾಳಿಗೆ ಒಡ್ಡಿದ ಬೆನ್ನುಗಳ ಮೇಲೆ ಬರೀ ಹುಲ್ಲು, ನೀರು ಇಳಿಯುವ ಮಡಿಕೆಗಳಲ್ಲಿ ಒತ್ತಾದ ಗಿಡ್ಡ ಕಾಡು. ಅದೇ ಶೋಲಾ. ತಿರುವು ತಪ್ಪಿಸಲು ಹುಲ್ಲು ತುಳಿದು ಅಡ್ಡದಾರಿ ಹಿಡಿದರೆ ಬೇರು ಸಡಿಲುತ್ತದೆ, ಮುಂದಿನ ಆಟಿಯ ಮಳೆಗೆ ಅದು ಕೊರಕಲು. ಶಿಖರಕ್ಕೆ ತುಸು ಕೆಳಗೆ ಹಳೆಯ ಇಗರ್ಜಿಯ ಮುರಿದ ಗೋಡೆಗಳಿವೆ. ಕಲ್ಲು ಸಡಿಲ, ಹತ್ತಬಾರದು.

ಇಳಿಯುವ ಮುಂಚೆ ಲೇಸು ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ, ಮೇಲಿನ ಎರಡು ತೂತಿನಲ್ಲಿ ಬಿಗಿಯಾಗಿ ಕಟ್ಟಿ. ಮಂಡಿ ತುಸು ಮಡಿಸಿಯೇ ಹೆಜ್ಜೆ ಇಡಿ, ಕೋಲು ಮುಂದೆ ಊರಿ. ಹೆಚ್ಚಿನ ಉಳುಕುಗಳು ಆಗುವುದು ಇಳಿಜಾರಿನಲ್ಲಿ, ಮನೆ ಹತ್ತಿರವಾಯಿತೆಂಬ ಅವಸರದಲ್ಲಿ.

ಡಿಸೆಂಬರ್ 7, ಭಾನುವಾರ, ಕಳಸ, ಕಾರ್ಕಳ

ಘಟ್ಟದ ಮೇಲಿನ ಕಳಸ, ಕೆಳಗಿನ ಕಾರ್ಕಳ ಎರಡೂ ಒಂದು ಕಾಲಕ್ಕೆ ಭೈರರಸರ ಒಂದೇ ರಾಜ್ಯ. ನಿನ್ನೆ ಕಾಲಿಟ್ಟ ಕಾಡು ಆ ರಾಜ್ಯದ ನಡುಮನೆ. ಕಳಸದಲ್ಲಿ ಕಳಸೇಶ್ವರ ದೇವಸ್ಥಾನ ನೋಡಿ ಅಂಬುತೀರ್ಥಕ್ಕೆ ಹೋಗಿ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಹೇಳುವ ಬಂಡೆ ಭದ್ರೆಯ ದಡದಲ್ಲಿದೆ. ಅವರೊಡನೆ ವಾದಿಸಿ ಶಿಷ್ಯರಾದ ತ್ರಿವಿಕ್ರಮ ಪಂಡಿತಾಚಾರ್ಯರು ನಮ್ಮ ಕುಂಬಳೆ ಸೀಮೆಯವರು ಎಂಬುದು ಅಲ್ಲಿ ನಿಂತಾಗ ನೆನಪಿಗೆ ಬರಲಿ. ನದಿಗೆ ಇಳಿಯಬೇಡಿ, ಕಲ್ಲುಗಳ ನಡುವೆ ಸೆಳೆತವಿದೆ.

ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ, ಎದುರಿನ ಗುಡ್ಡೆಯಲ್ಲಿ 1586ರ ಚತುರ್ಮುಖ ಬಸದಿ. ಬಂಗ್ರಮಂಜೇಶ್ವರದ ಚತುರ್ಮುಖ ಬಸದಿ ಕಂಡವರು ಇಲ್ಲಿ ನಾಲ್ಕೂ ದಿಕ್ಕಿಗೆ ಒಂದೇ ಅಳತೆಯ ಬಾಗಿಲುಗಳನ್ನು ಸುತ್ತಿ ಬಂದು ಹೋಲಿಸಬಹುದು. ಎರಡೂ ಕಡೆ ಬರಿಗಾಲು. ಮಧ್ಯಾಹ್ನದ ಕರಿಕಲ್ಲು ಬೊಕ್ಕೆ ಎದ್ದ ಕಾಲಿಗೆ ಸಹಿಸಲಾಗದು, ನಾಲ್ಕು ಗಂಟೆ ಕಳೆದ ಮೇಲೆ ಮೆಟ್ಟಿಲು ಹತ್ತಿದರೆ ಕಲ್ಲು ತಣಿದಿರುತ್ತದೆ.